‘ಲೈನು’ ಎಂಬ ಶಬ್ದದ ಗಡಿನಾಡ ಚರಿತ್ರೆ: ಹಲಕರ್ಣಿ ಪರಿಸರವನ್ನು ಕುರಿತ ಕೆಲವು ವಿಚಾರಗಳು

ಇಂಗ್ಲಿಷಿನ ‘ಲೈನ್’ ಶಬ್ದದ ಹುಟ್ಟು ನೂಲಿನಲ್ಲಿದೆ. ಅಗಸೆನಾರಿಗೆ ಲ್ಯಾಟಿನ್ ಭಾಷೆಯಲ್ಲಿ ‘ಲಿನುಮ್’ ಎಂದು ಹೆಸರು. ಆ ನಾರಿನಿಂದ ಹೊಸೆದ ದಾರ ‘ಲಿನೆಯ’. ದಾರದಿಂದ ಗೆರೆ, ಗೆರೆಯಿಂದ ಸಾಲು, ಸಾಲಿನಿಂದ ವಂಶ, ದಾರಿ, ಕಸುಬು, ಸೇನೆಯ ವ್ಯೂಹ, ಪದ್ಯದ ಪಾದ, ಎಲ್ಲೆ ಎಂದು ಅರ್ಥ ಕವಲೊಡೆಯುತ್ತ ಹೋಗಿ, ಇಂದು ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲಿ ಈ ಒಂದು ಶಬ್ದಕ್ಕೆ ಹತ್ತಾರು ಅರ್ಥಗಳನ್ನು ಕೊಟ್ಟಿರುತ್ತಾರೆ. ಇಷ್ಟು ವಿಸ್ತಾರವಾದ ಶಬ್ದವೊಂದು ಬೇರೊಂದು ಭಾಷೆಯನ್ನು ಹೊಕ್ಕಾಗ ಅದರ ಎಲ್ಲ ಅರ್ಥಗಳೂ ಜೊತೆಗೆ ಬರುವುದಿಲ್ಲ. ಯಾವುವು ಬಂದವು, ಯಾವುವು ಹೊರಗುಳಿದವು, ಬಂದವು ಯಾರ ಕೈಯಲ್ಲಿ ಬಂದವು ಎಂಬುದು ಭಾಷಾಶಾಸ್ತ್ರದ ಪ್ರಶ್ನೆಯಾದಷ್ಟೇ ಚರಿತ್ರೆಯ ಪ್ರಶ್ನೆಯೂ ಹೌದು. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಹಲಕರ್ಣಿಯ ಸುತ್ತಮುತ್ತಲಿನ ಗಡಹಿಂಗ್ಲಜ, ಕೊಲ್ಹಾಪುರ, ಇಚಲಕರಂಜಿ ಪ್ರದೇಶಕ್ಕೆ ಸೀಮಿತಗೊಳಿಸಿ, ಅಗತ್ಯ ಬಿದ್ದಲ್ಲಿ ಧಾರವಾಡ, ಕೊಡಗು, ಕಾಸರಗೋಡುಗಳ ಕಡೆಗೂ ನೋಡಲಾಗಿದೆ.

ಮೊದಲೇ ಗಮನಿಸಬೇಕಾದ ಸಂಗತಿಯೆಂದರೆ, ಈ ಶಬ್ದ ಬರುವ ಹೊತ್ತಿಗೆ ಇಲ್ಲಿನ ಎರಡು ಭಾಷೆಗಳಲ್ಲಿ ಶಬ್ದಗಳ ಬರವೇನೂ ಇರಲಿಲ್ಲ. ಕನ್ನಡದಲ್ಲಿ ಗೆರೆ, ಗೀಟು, ಸಾಲು, ಪಂಕ್ತಿ, ಎಲ್ಲೆ, ಗಡಿ, ಹದ್ದು, ಪಾಳಿ ಇದ್ದವು. ಮರಾಠಿಯಲ್ಲಿ ರೇಘ, ಓಳ, ರಾಂಗ, ಶೀವ, ಹದ್ದ ಇದ್ದವು. ಆದ್ದರಿಂದ ‘ಶಬ್ದವಿರಲಿಲ್ಲ, ಎರವಲು ಪಡೆದರು’ ಎಂಬ ಸರಳ ವಿವರಣೆ ಇಲ್ಲಿ ಸಲ್ಲದು.

ಹಲಕರ್ಣಿ ಎಂಬ ಹೆಸರಿನ ಊರುಗಳು ಈ ಭಾಗದಲ್ಲಿ ಎರಡಿವೆ: ಒಂದು ಗಡಹಿಂಗ್ಲಜ ತಾಲ್ಲೂಕಿನದು, ಇನ್ನೊಂದು ಚಂದಗಡ ತಾಲ್ಲೂಕಿನದು. ಗಡಹಿಂಗ್ಲಜ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದು, ಸಂಸ್ಥಾನವು 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಅದರೊಂದಿಗೆ ಹೋಯಿತು. ಚಂದಗಡವಾದರೋ 1956ರವರೆಗೆ ಬೆಳಗಾವಿ ಜಿಲ್ಲೆಯ ಭಾಗವಾಗಿತ್ತು. ಒಂದೇ ಹೆಸರಿನ ಎರಡು ಊರುಗಳು ಎರಡು ಬೇರೆ ದಾರಿಗಳಿಂದ ಇಂದಿನ ಒಂದೇ ಜಿಲ್ಲೆಗೆ ಬಂದು ಸೇರಿವೆ. ಗಡಹಿಂಗ್ಲಜದ ಪಕ್ಕದಲ್ಲಿ ಹರಿಯುವ ಹಿರಣ್ಯಕೇಶಿ ಕೆಲವೇ ಹರದಾರಿಗಳ ಮೇಲೆ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರವನ್ನು ಮುಟ್ಟುತ್ತದೆ. ಸಂಕೇಶ್ವರದ ಶಂಕರಾಚಾರ್ಯ ಪೀಠದ ಹೆಸರೇ ‘ಸಂಕೇಶ್ವರ-ಕರವೀರ’, ಕರವೀರವೆಂದರೆ ಕೊಲ್ಹಾಪುರ. ನದಿಗಾಗಲಿ ಪೀಠಕ್ಕಾಗಲಿ ನಡುವಿನ ಗೆರೆ ಅಡ್ಡಿಯಾಗಲಿಲ್ಲ.

‘ಲೈನು’ ಈ ನೆಲಕ್ಕೆ ಬಂದದ್ದು ಪಲಟಣದೊಂದಿಗೆ. ಕಂಪನಿ ಸರಕಾರದ ಸೈನ್ಯದಲ್ಲಿ ದೇಶೀ ಸಿಪಾಯಿಗಳ ವಸತಿಗೆ ‘ಲೈನ್ಸ್’ ಎಂದು ಕರೆಯುವ ವಾಡಿಕೆಯಿತ್ತು. ಸಾಲಾಗಿ, ಒಂದೇ ಅಳತೆಯಲ್ಲಿ, ಅಧಿಕಾರಿಗಳ ಬಂಗಲೆಗಳಿಂದ ಪ್ರತ್ಯೇಕವಾಗಿ ಕಟ್ಟಿದ ಗುಡಿಸಲುಗಳು ಅವು. ಕೊಲ್ಹಾಪುರ ಸಂಸ್ಥಾನದಲ್ಲಿ 1844ರ ಗಡಕರಿಗಳ ದಂಗೆ ಮೊದಲು ಹೊತ್ತಿಕೊಂಡದ್ದು ಗಡಹಿಂಗ್ಲಜ ಸೀಮೆಯ ಸಾಮಾನಗಡದಲ್ಲಿ. ಕೋಟೆಯ ಕಾವಲಿಗೆಂದು ತಲೆಮಾರುಗಳಿಂದ ಭೂಮಿ ಉಂಡುಕೊಂಡು ಬಂದಿದ್ದ ಗಡಕರಿಗಳ ವ್ಯವಸ್ಥೆ ಆ ದಂಗೆಯ ಅನಂತರ ಮುರಿದುಬಿತ್ತು. ಸಂಸ್ಥಾನದ ಆಡಳಿತದ ಮೇಲೆ ಬ್ರಿಟಿಷರ ಹಿಡಿತ ಬಿಗಿಯಾಯಿತು. ಗಡದ ಕಾಲ ಮುಗಿದು ಲೈನಿನ ಕಾಲ ಬಂತೆಂದರೆ ತಪ್ಪಾಗದು. 1857ರ ಜುಲೈ 31ರಂದು ಕೊಲ್ಹಾಪುರದಲ್ಲಿ ಎದ್ದುನಿಂತ 27ನೆಯ ಮುಂಬಯಿ ದೇಶೀ ಪದಾತಿದಳದ ಸಿಪಾಯಿಗಳು ಇಂಥ ಲೈನುಗಳ ನಿವಾಸಿಗಳೇ. ಆ ವರ್ಷದ ಬ್ರಿಟಿಷ್ ಕಾಗದಪತ್ರಗಳನ್ನು ಓದುವವರು ‘ಲೈನ್ಸ್’ ಎಂಬುದನ್ನು ಯುದ್ಧದ ಪಂಕ್ತಿಯೆಂದು ಅರ್ಥೈಸಿದರೆ ಇಡೀ ಘಟನೆ ಬೇರೆಯೇ ಆಗಿ ಕಾಣುತ್ತದೆ. ಸಿಪಾಯಿಗಳು ಲೈನು ಬಿಟ್ಟರು ಎಂದರೆ ಕದನದಿಂದ ಹಿಂದೆ ಸರಿದರೆಂದಲ್ಲ, ಮನೆಯಿಂದ ಹೊರಬಿದ್ದರೆಂದು.

ಪಲಟಣದ ಬೆನ್ನಿಗೆ ಬಜಾರವೂ ಬಂತು. ಧಾರವಾಡದ ಲೈನ್ ಬಜಾರವನ್ನು ಪೇಢೆಯ ದೆಸೆಯಿಂದ ಕನ್ನಡಿಗರೆಲ್ಲ ಬಲ್ಲರು. ಕೊಲ್ಹಾಪುರದಲ್ಲಿಯೂ ಕಸಬಾ ಬಾವಡ್ಯಾದ ಕಡೆಗೆ ಒಂದು ಲೈನ್ ಬಜಾರವಿದೆಯೆಂಬುದನ್ನು ಕನ್ನಡ ಓದುಗರು ಅಷ್ಟಾಗಿ ಗಮನಿಸಿಲ್ಲ. ಇಂದು ಎರಡೂ ಕಡೆಗಳಲ್ಲಿ ಹೆಸರು ಉಳಿದಿದೆ, ಹೆಸರಿಗೆ ಕಾರಣವಾದ ಪಲಟಣ ಹೋಗಿದೆ. ಇಲ್ಲಿ ‘ಲೈನ್’ ಶಬ್ದದ ಅರ್ಥ ‘ಸಾಲು’ ಎಂದಲ್ಲ. ಸರಕಾರಿ ವಸತಿ ಎಂದು. ಪೊಲೀಸ್ ಲೈನು ಎಂಬ ಮಾತಿನಲ್ಲಿ ಆ ಅರ್ಥ ಇಂದಿಗೂ ಜೀವಂತವಾಗಿದೆ. ಪೊಲೀಸರ ಮನೆಗಳು ಮೂರು ಅಂತಸ್ತಿನ ಕಟ್ಟಡವಾಗಿ ಬದಲಾದರೂ ಅದು ಪೊಲೀಸ್ ಲೈನೇ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಕೂಲಿಕಾರರು ಇರುವ ‘ಲೈನ್ ಮನೆ’, ಕೋಲಾರದ ಚಿನ್ನದ ಗಣಿಯ ಕಾರ್ಮಿಕರ ‘ಲೈನು’ಗಳು ಇದೇ ಬಳ್ಳಿಯ ಕುಡಿಗಳು. ಮನೆ ಕಟ್ಟಿಸಿದವನು ಒಬ್ಬ, ಇರುವವರು ಅನೇಕರು. ಕೆಲಸ ಹೋದರೆ ಮನೆಯೂ ಹೋಗುತ್ತದೆ. ‘ಕೇರಿ’ ಎಂಬ ಕನ್ನಡ ಶಬ್ದಕ್ಕೆ ಈ ಅರ್ಥವನ್ನು ಹೊರುವ ಶಕ್ತಿಯಿರಲಿಲ್ಲ. ಕೇರಿಯಲ್ಲಿ ಏನೆಲ್ಲ ಕಟ್ಟುಪಾಡುಗಳಿದ್ದರೂ ಮನೆ ಮನೆಯವರದಾಗಿತ್ತು. ಭಾಷೆಯೊಂದು ಶಬ್ದವನ್ನು ಎರವಲು ಪಡೆಯುವುದು ವಸ್ತುವಿಗಾಗಿಯೇ ಎಂದೇನೂ ಇಲ್ಲ. ಸಂಬಂಧವೊಂದು ಹೊಸದಾದಾಗಲೂ ಪಡೆಯುತ್ತದೆ.

ಈ ಮಾತನ್ನು ಮುಂದಿನ ಹಂತದ ಬಳಕೆಗಳು ಇನ್ನಷ್ಟು ಸ್ಪಷ್ಟಪಡಿಸುತ್ತವೆ. ಮಿರಜದಿಂದ ಕೊಲ್ಹಾಪುರಕ್ಕೆ ಸಂಸ್ಥಾನದ ರೈಲು 1891ರಲ್ಲಿ ಆರಂಭವಾಯಿತು. ಅದನ್ನು ನಡೆಸಿದ ಸದರ್ನ್ ಮರಾಠಾ ರೈಲ್ವೆಯ ಕಚೇರಿ ಧಾರವಾಡದಲ್ಲಿತ್ತು. ರೈಲಿನ ಉಕ್ಕಿನ ಪಟ್ಟಿಗೆ ಕನ್ನಡಿಗರು ‘ಹಳಿ’ ಎಂದರು, ಮರಾಠಿಗರು ‘ರೂಳ’ ಎಂದರು. ಯಾರೂ ‘ಲೈನ್’ ಎನ್ನಲಿಲ್ಲ. ಆದರೆ ‘ಮಿರಜ ಲೈನ್’, ‘ಹುಬ್ಬಳ್ಳಿ ಲೈನ್’ ಎಂಬ ಮಾತುಗಳು ಎರಡೂ ಭಾಷೆಗಳಲ್ಲಿ ಬೇರೂರಿದವು. ಗಾಡಿ ತಪ್ಪುವುದು ಹಳಿಯನ್ನು. ನೌಕರನನ್ನು ವರ್ಗ ಮಾಡುವುದು ಲೈನಿಗೆ. ಟೆಲಿಗ್ರಾಫಿನ ವಿಷಯದಲ್ಲಿಯೂ ಹೀಗೆಯೇ. ಕಂಬಕ್ಕೆ ಕಟ್ಟಿದ್ದು ಕನ್ನಡಕ್ಕೆ ‘ತಂತಿ’, ಮರಾಠಿಗೆ ‘ತಾರ’. ಅದರಲ್ಲಿ ಬಂದ ಸುದ್ದಿಯೂ ತಂತಿಯೇ, ತಾರವೇ. ವಿದ್ಯುತ್ತಿನ ಕಾಲಕ್ಕೆ ತಂತಿ ಕಡಿಯಿತು ಎನ್ನುವುದು ಒಂದು, ಲೈನ್ ಹೋಯಿತು ಎನ್ನುವುದು ಇನ್ನೊಂದು. ತಂತಿಯನ್ನು ಕಣ್ಣಿನಿಂದ ನೋಡಬಹುದು, ಲೈನನ್ನು ನೋಡಲಾಗದು. ಅದು ಎಲ್ಲಿಂದಲೋ ಬರುವಂಥದು, ಯಾರೋ ಕೊಡುವಂಥದು, ಹೇಳದೆ ಕೇಳದೆ ತೆಗೆಯುವಂಥದು. ಕಬ್ಬು ಬೆಳೆಯುವ ಈ ಭಾಗದಲ್ಲಿ ನದಿಯಿಂದ ಹೊಲಕ್ಕೆ ನೀರೆತ್ತುವ ಪೈಪ್‌ಲೈನಿಗೂ ಜನ ‘ಲೈನು’ ಎಂದೇ ಅನ್ನುತ್ತಾರೆ. ಒಡೆಯುವುದು ಪೈಪು; ಪಾಲುದಾರರು ಹಣ ಹಾಕಿ ಮಾಡಿಸುವುದು, ಹಕ್ಕು ಸಾಧಿಸುವುದು, ಜಗಳವಾಡುವುದು ಲೈನಿಗಾಗಿ. ಇಚಲಕರಂಜಿಯಂಥ ನಗರಕ್ಕೆ ಕುಡಿಯುವ ನೀರನ್ನು ದೂರದ ನದಿಯಿಂದ ತರುವ ಯೋಜನೆಗಳಿಗೆ ನದಿತೀರದ ರೈತರು ಒಡ್ಡಿದ ವಿರೋಧವನ್ನು ನೆನೆದರೆ, ಈ ಶಬ್ದ ಎಷ್ಟು ಭಾರವನ್ನು ಹೊತ್ತಿದೆಯೆಂಬುದು ತಿಳಿದೀತು.

ಹೀಗೆ ಒಂದು ಕ್ರಮ ಕಾಣತೊಡಗುತ್ತದೆ. ಕೈಗೆ ಸಿಗುವ ವಸ್ತುವಿಗೆ ನಾಡಿನ ಶಬ್ದ. ಆ ವಸ್ತುವಿನ ಹಿಂದಿರುವ, ಕೈಗೆ ಸಿಗದ ವ್ಯವಸ್ಥೆಗೆ ‘ಲೈನು’. ಇದಕ್ಕೆ ಅಪವಾದವೂ ಇದೆ. ಗೌಂಡಿಗಳು ಗೋಡೆ ಕಟ್ಟುವಾಗ ಮೂಲೆಯಿಂದ ಮೂಲೆಗೆ ಎಳೆದು ಕಟ್ಟುವ ದಾರಕ್ಕೆ ‘ಲೈನ್‌ದೋರಿ’ ಎನ್ನುತ್ತಾರೆ. ಇದು ಕೈಗೆ ಸಿಗುವ ವಸ್ತುವೇ. ಮೂಲಾರ್ಥವನ್ನು ಹಿಡಿದರೆ ‘ದಾರದಾರ’ ಎಂದಾಗುವ ಈ ಜೋಡುಪದದಲ್ಲಿ, ಎರಡು ಸಾವಿರ ವರ್ಷ ತಿರುಗಾಡಿದ ಲ್ಯಾಟಿನ್ ಶಬ್ದ ಮತ್ತೆ ತನ್ನ ದಾರವನ್ನು ಸೇರಿಕೊಂಡಿದೆ. ನಮ್ಮ ‘ಸೂತ್ರ’ವೂ ಇದೇ ಬಗೆಯದು: ನೂಲು, ನಿಯಮ, ಗಣಿತದ ಸಮೀಕರಣ, ಗೊಂಬೆಯಾಟದ ಹುರಿ ಎಲ್ಲವೂ ಅದರಲ್ಲಿವೆ. ಆದರೆ ವಿದ್ಯುತ್ ಮಗ್ಗಗಳಿಂದ ಹೆಸರಾದ ಇಚಲಕರಂಜಿಯ ನೇಕಾರಿಕೆಯಲ್ಲಿ, ಕನ್ನಡ ಬಲ್ಲ ನೇಕಾರ ನೂಲಿಗೆ ಇಂದಿಗೂ ಹಾಸು, ಹೊಕ್ಕು ಎಂದೇ ಹೇಳಬಲ್ಲ. ನೂಲಿನಿಂದ ಹುಟ್ಟಿದ ಶಬ್ದ ನೂಲಿನ ಊರಿಗೆ ಬಂದರೂ ನೂಲಿಗೆ ಅದರ ಅಗತ್ಯ ಬೀಳಲಿಲ್ಲ.

ಆಡುಮಾತಿನ ಬಳಕೆಗಳಲ್ಲಿ ಗಮನಿಸಬೇಕಾದದ್ದು ನಾಮಪದವನ್ನಲ್ಲ, ಅದರ ಜೊತೆಗೆ ಬರುವ ಕ್ರಿಯಾಪದವನ್ನು. ಸರದಿಯಲ್ಲಿ ನಿಲ್ಲುವುದಕ್ಕೆ ಉತ್ತರ ಕರ್ನಾಟಕದ ಕನ್ನಡದಲ್ಲಿ ‘ಲೈನ್ ಹಚ್ಚು’ ಎನ್ನುತ್ತಾರೆ. ಮರಾಠಿಯಲ್ಲಿ ‘ಲಾಯಿನ್ ಲಾವಣೆ’. ಹರೆಯದವರ ಕಣ್ಣುಬೇಟಕ್ಕೆ ಕನ್ನಡದಲ್ಲಿ ‘ಲೈನ್ ಹೊಡೆಯುವುದು’, ಮರಾಠಿಯಲ್ಲಿ ‘ಲಾಯಿನ್ ಮಾರಣೆ’. ದಾರಿ ತಪ್ಪಿದವನನ್ನು ತಿದ್ದುವುದಕ್ಕೆ ‘ಲೈನಿಗೆ ತರುವುದು’, ‘ಲಾಯಿನೀವರ ಆಣಣೆ’. ‘ನಮ್ಮ ಲೈನ್ ಬೇರೆ’ ಎಂದು ಕಸುಬನ್ನು ಕುರಿತು ಹೇಳುವ ಮಾತು ಎರಡರಲ್ಲಿಯೂ ಒಂದೇ ಅಚ್ಚಿನದು. ಹಚ್ಚು ಎಂಬುದಕ್ಕೆ ಲಾವಣೆ, ಹೊಡೆ ಎಂಬುದಕ್ಕೆ ಮಾರಣೆ: ಇವು ಇಂಗ್ಲಿಷಿನಿಂದ ಬಂದವಲ್ಲ. ದೀಪ ಹಚ್ಚುವ, ಬಣ್ಣ ಹಚ್ಚುವ, ಗಿಡ ಹಚ್ಚುವ ಕನ್ನಡವೂ, ದಿವಾ ಲಾವಣಾರಿ, ರಂಗ ಲಾವಣಾರಿ, ಝಾಡ ಲಾವಣಾರಿ ಮರಾಠಿಯೂ ಶತಮಾನಗಳಿಂದ ಅಕ್ಕಪಕ್ಕದಲ್ಲಿ ಬಾಳಿ ಒಂದೇ ಎರಕದಲ್ಲಿ ಮೂಡಿಸಿಕೊಂಡ ಜೋಡಿಗಳು ಇವು. ಪರಭಾಷೆಯ ಅತಿಥಿ ಬಂದಾಗ ಎರಡು ಮನೆಗಳವರೂ ಒಂದೇ ಬಗೆಯ ಮಣೆ ಹಾಕಿದ್ದಾರೆ.

ಈ ಸಂದರ್ಭದಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅವರು 1971ರಲ್ಲಿ ಪ್ರಕಟಿಸಿದ ಕುಪವಾಡದ ಅಧ್ಯಯನವನ್ನು ನೆನೆಯಲೇಬೇಕು. ಸಾಂಗಲಿ ಜಿಲ್ಲೆಯ ಆ ಊರಿನಲ್ಲಿ ಕನ್ನಡ, ಮರಾಠಿ, ಉರ್ದು ಮಾತಾಡುವವರು ತಮ್ಮ ತಮ್ಮ ಮನೆಮಾತಿನ ಶಬ್ದಗಳನ್ನು ಉಳಿಸಿಕೊಂಡರೂ ವಾಕ್ಯರಚನೆ ಮಾತ್ರ ಬಹುಮಟ್ಟಿಗೆ ಒಂದೇ ಆಗಿರುವುದನ್ನು ಅವರು ತೋರಿಸಿದರು. ಶಿಷ್ಟ ಮರಾಠಿಯಲ್ಲಿ ‘ನದಿ’ ಸ್ತ್ರೀಲಿಂಗ. ಕುಪವಾಡದ ಮರಾಠಿಯಲ್ಲಿ ಅದು ಕನ್ನಡದಂತೆ ನಪುಂಸಕಲಿಂಗದ ಕ್ರಿಯಾಪದವನ್ನು ಪಡೆಯುತ್ತದೆ, ಏಕೆಂದರೆ ಅಲ್ಲಿ ಮನುಷ್ಯೇತರವಾದದ್ದೆಲ್ಲ ನಪುಂಸಕ. ‘ಲಾಯಿನ್’ ಶಿಷ್ಟ ಮರಾಠಿಯಲ್ಲಿ ಸ್ತ್ರೀಲಿಂಗವೇ. ‘ಲಾಯಿನ್ ಗೇಲೀ’ ಎನ್ನುತ್ತಾರೆ. ಕುಪವಾಡದ ನಿಯಮವನ್ನು ಅನ್ವಯಿಸಿದರೆ ಅದೂ ‘ಹೋಯಿತು’ ಎಂಬ ನಮ್ಮ ರೂಪಕ್ಕೆ ಸರಿಹೊಂದಬೇಕು. ಗಡಹಿಂಗ್ಲಜ, ಕಾಗಲ, ಶಿರೋಳ ತಾಲ್ಲೂಕುಗಳ ಮರಾಠಿಯಲ್ಲಿ ಇಂಗ್ಲಿಷ್ ಎರವಲುಗಳು ಪಡೆಯುವ ಲಿಂಗವನ್ನು ಊರೂರಿಗೆ ಹೋಗಿ ದಾಖಲಿಸುವುದು ನಮ್ಮ ಕೇಂದ್ರಗಳು ಕೈಗೆತ್ತಿಕೊಳ್ಳಬೇಕಾದ ಕೆಲಸ. ಒಂದು ಊರಿನ ಕನ್ನಡ ಎಷ್ಟು ಹಳೆಯದು ಎಂಬ ಪ್ರಶ್ನೆಗೆ ಆ ಊರಿನ ಮರಾಠಿಯೇ ಸಾಕ್ಷಿ ನುಡಿಯಬಲ್ಲದು. ಜನಗಣತಿಯ ಕೋಷ್ಟಕಗಳಲ್ಲಿ ಈ ಸಾಕ್ಷಿಗೆ ಸ್ಥಾನವಿಲ್ಲ. ಅಲ್ಲಿ ಒಬ್ಬನಿಗೆ ಒಂದೇ ಮಾತೃಭಾಷೆ.

ಇನ್ನು ಉಳಿದದ್ದು ಎಲ್ಲೆ ಎಂಬ ಅರ್ಥ. ಈ ಭಾಗದ ಚರಿತ್ರೆಯನ್ನು ಬರೆಯುವವರು ಹೆಚ್ಚು ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ. ಜ್ಯಾಮಿತಿಯ ವ್ಯಾಖ್ಯೆಯಂತೆ ರೇಖೆಗೆ ಉದ್ದವುಂಟು, ಅಗಲವಿಲ್ಲ. ಕನ್ನಡದ ‘ಸೀಮೆ’ಯನ್ನು ನೋಡಿರಿ. ಸಂಸ್ಕೃತದಲ್ಲಿ ಎಲ್ಲೆಯೆಂದು ಪ್ರಧಾನ ಅರ್ಥವಿದ್ದ ಈ ಶಬ್ದ ಕನ್ನಡಕ್ಕೆ ಬಂದು ಹಿಗ್ಗಿ ನಾಡೇ ಆಗಿಬಿಟ್ಟಿತು: ಬಯಲುಸೀಮೆ, ಮೈಸೂರು ಸೀಮೆ. ಇನ್ನೂ ಮುಂದೆ ಹೋಗಿ ಪರದೇಶವೂ ಆಯಿತು: ಸೀಮೆಎಣ್ಣೆ, ಸೀಮೆಸುಣ್ಣ. (ಮಕ್ಕಳು ಶಾಲೆಯಲ್ಲಿ ಗೆರೆ ಎಳೆಯುವುದು ಸೀಮೆಸುಣ್ಣದಿಂದ ಎಂಬುದು ಭಾಷೆಯ ಒಂದು ವಿನೋದ.) ‘ಗಡಿ’ಯದೂ ಅದೇ ಕಥೆ, ಗಡಿನಾಡು ಎಂದಾಗ ಅದರಲ್ಲಿ ಊರು, ಹೊಲ, ಸಂತೆ, ಜಾತ್ರೆ ಎಲ್ಲವೂ ಸೇರುತ್ತವೆ. ನಮ್ಮ ಶಬ್ದಗಳಲ್ಲಿ ಎಲ್ಲೆಗೆ ಅಗಲವಿತ್ತು, ಆ ಅಗಲದಲ್ಲಿ ಜನ ವಾಸವಾಗಿದ್ದರು.

ಶಾಸನಗಳು ಇದನ್ನು ಸಮರ್ಥಿಸುತ್ತವೆ. ಕೊಲ್ಹಾಪುರದ ಶಿಲಾಹಾರರು ಕನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ಶಾಸನಗಳನ್ನು ಬರೆಯಿಸಿದರು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸಿದ ಕೆ. ಜಿ. ಕುಂದಣಗಾರರು ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಒಟ್ಟುಗೂಡಿಸಿ 1939ರಲ್ಲಿ ಪ್ರಕಟಿಸಿದ ಗ್ರಂಥ ಈ ವಿಷಯದಲ್ಲಿ ಇಂದಿಗೂ ಆಧಾರ. ಆ ಕಾಲದ ದಾನಶಾಸನಗಳು ಭೂಮಿಯ ಮೇರೆಯನ್ನು ಹೇಳುವ ರೀತಿ ಎಂಥದು? ಮೂಡಲಿಗೆ ಇಂಥ ಹಳ್ಳ, ತೆಂಕಲಿಗೆ ಇಂಥ ಮರ, ಪಡುವಲಿಗೆ ನಟ್ಟ ಕಲ್ಲು, ಬಡಗಲಿಗೆ ಹೆದ್ದಾರಿ. ಅವು ಬಿಂದುಗಳು, ಒಂದು ಬಿಂದುವಿಗೂ ಇನ್ನೊಂದಕ್ಕೂ ನಡುವಿನ ಗೆರೆಯನ್ನು ಊರವರ ನೆನಪು ಎಳೆಯಬೇಕಾಗಿತ್ತು. ಹನ್ನೆರಡನೆಯ ಶತಮಾನದ ಶಿಲಾಹಾರ ವಿಜಯಾದಿತ್ಯನ ಕಾಲದಲ್ಲಿ ಕೊಲ್ಹಾಪುರ ಭಾಗದ ದಾನಭೂಮಿಯನ್ನು ಅಳೆದದ್ದು ಕೂಂಡಿಯ ದಂಡದಿಂದ. ಕೂಂಡಿ ಮೂರು ಸಾವಿರವೆಂದರೆ ಸವದತ್ತಿಯ ರಟ್ಟರ ನಾಡು, ಇಂದಿನ ಬೆಳಗಾವಿ ಜಿಲ್ಲೆಯ ಕಡೆಯದು. ಒಂದು ನಾಡಿನ ಅಳತೆಗೋಲು ಇನ್ನೊಂದು ನಾಡಿನ ಹೊಲದಲ್ಲಿ ಪ್ರಮಾಣವಾಗಿತ್ತೆಂಬುದು, ಈ ಎರಡು ಪ್ರದೇಶಗಳನ್ನು ಎರಡು ರಾಜ್ಯಗಳ ನಕಾಶೆಗಳಲ್ಲಿ ಪ್ರತ್ಯೇಕವಾಗಿ ನೋಡಿ ರೂಢಿಯಾದವರಿಗೆ ಹೊಳೆಯುವ ಸಂಗತಿಯಲ್ಲ.

ಅಗಲವಿಲ್ಲದ ರೇಖೆಯನ್ನು ತಂದದ್ದು ಮೋಜಣಿ. ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಅಳೆದ ಆಧಾರರೇಖೆಯಿಂದ ಹಿಡಿದು, ಮುಂಬಯಿ ಪ್ರಾಂತದಲ್ಲಿ 1830ರ ದಶಕದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಆರಂಭಿಸಿದ ಕಂದಾಯ ಮೋಜಣಿಯವರೆಗೆ ಆದ ಬದಲಾವಣೆಯೆಂದರೆ, ಎರಡು ಕಲ್ಲುಗಳ ನಡುವೆ ನೆನಪಿನ ಬದಲು ಸರಪಳಿ ಓಡಾಡಿತು. 1847ರ ಜಂಟಿ ವರದಿ ಈ ಪದ್ಧತಿಗೆ ಶಾಸ್ತ್ರರೂಪ ಕೊಟ್ಟಿತು. ಸಂಸ್ಥಾನಗಳೂ ಕ್ರಮೇಣ ಅದೇ ಮಾದರಿಯನ್ನು ಅನುಸರಿಸಿದವು. ಆಶ್ಚರ್ಯವೆಂದರೆ ಈ ಕೆಲಸದ ಶಬ್ದಗಳಲ್ಲಿ ‘ಲೈನ್’ ಇಲ್ಲ. ಮೋಜಣಿ, ಹದ್ದುಬಸ್ತು, ಬಾಂದು, ಹಿಸ್ಸಾ, ಸರ್ವೆ ನಂಬರು: ಮರಾಠಿ, ಪಾರಸಿ, ಇಂಗ್ಲಿಷು ಬೆರೆತ ಈ ಶಬ್ದಗಳು ಹಿರಣ್ಯಕೇಶಿಯ ಎರಡೂ ಕಡೆಗಳ ಕಂದಾಯ ದಫ್ತರಗಳಿಗೆ ಪರಿಚಿತ. ರಾಜ್ಯ ಬೇರೆಯಾದರೂ ತಲಾಠಿಯ ನಿಘಂಟು ಬೇರೆಯಾಗಲಿಲ್ಲ.

1956ರ ರಾಜ್ಯ ಪುನರ್ವಿಂಗಡಣಾ ಕಾಯದೆಯನ್ನು ತೆರೆದು ನೋಡಿದರೆ ಅಲ್ಲಿಯೂ ಕರ್ನಾಟಕದ ಉತ್ತರದ ಗಡಿಗೆ ರೇಖೆಯ ವರ್ಣನೆಯಿಲ್ಲ. ಚಂದಗಡ ತಾಲ್ಲೂಕೊಂದನ್ನು ಬಿಟ್ಟು ಬೆಳಗಾವಿ ಜಿಲ್ಲೆ, ಕಾಸರಗೋಡು ತಾಲ್ಲೂಕನ್ನು ಮತ್ತು ಅಮೀನದೀವಿ ದ್ವೀಪಗಳನ್ನು ಬಿಟ್ಟು ದಕ್ಷಿಣ ಕನ್ನಡ ಜಿಲ್ಲೆ ಎಂಬ ಧಾಟಿಯಲ್ಲಿ ಅದು ಹೆಸರುಗಳನ್ನು ಹೇಳುತ್ತದೆ. ರೇಖೆ ಎಳೆದದ್ದು ಹೆಸರುಗಳು. ಆಮೇಲಿನ ವಿವಾದದ ತಿರುಳು ಕೂಡ ಗೆರೆ ಎಲ್ಲಿ ಎಂಬುದಕ್ಕಿಂತ, ಗೆರೆಯನ್ನು ಯಾವುದರಿಂದ ಎಳೆಯಬೇಕೆಂಬುದು: ಜಿಲ್ಲೆಯಿಂದಲೋ, ತಾಲ್ಲೂಕಿನಿಂದಲೋ, ಗ್ರಾಮದಿಂದಲೋ? ಗ್ರಾಮವೇ ಘಟಕವಾಗಬೇಕೆಂಬುದು ಮಹಾರಾಷ್ಟ್ರದ ವಾದವಾಗಿತ್ತು. 1966ರ ಅಕ್ಟೋಬರಿನಲ್ಲಿ ನೇಮಕಗೊಂಡ ಮಹಾಜನ ಆಯೋಗ 1967ರ ಆಗಸ್ಟಿನಲ್ಲಿ ವರದಿ ಕೊಟ್ಟು, 264 ಗ್ರಾಮಗಳು ಮಹಾರಾಷ್ಟ್ರಕ್ಕೆ, 247 ಗ್ರಾಮಗಳು ಕರ್ನಾಟಕಕ್ಕೆ ಎಂದು ಸೂಚಿಸಿತು; ಕಾಸರಗೋಡಿನ ವಿಷಯದಲ್ಲಿ ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಪ್ರಕರಣ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಈ ಚರ್ಚೆಯ ಎರಡು ಪಕ್ಷಗಳ ಬರಹಗಳಲ್ಲಿಯೂ ಒಂದು ಸಮಾನ ದೋಷವಿದೆಯೆಂದು ಹೇಳಬೇಕಾಗುತ್ತದೆ. ಶಿಲಾಹಾರರ, ರಟ್ಟರ, ಯಾದವರ ಕಾಲದ ‘ಸೀಮೆ’ಯನ್ನು ಇಬ್ಬರೂ ಮೋಜಣಿಯ ರೇಖೆಯೆಂದೇ ಓದುತ್ತಾರೆ. ಕೊಲ್ಹಾಪುರದಲ್ಲಿ ಕನ್ನಡ ಶಾಸನ ಸಿಕ್ಕಿತೆಂದು ಒಬ್ಬರು ಗೆರೆಯನ್ನು ಉತ್ತರಕ್ಕೆ ತಳ್ಳುವುದು, ಬೆಳಗಾವಿಯಲ್ಲಿ ಮರಾಠಿ ದಫ್ತರ ಸಿಕ್ಕಿತೆಂದು ಇನ್ನೊಬ್ಬರು ದಕ್ಷಿಣಕ್ಕೆ ತಳ್ಳುವುದು, ಎರಡೂ ಅಗಲವಿದ್ದ ವಸ್ತುವನ್ನು ಅಗಲವಿಲ್ಲದ ಶಬ್ದದಿಂದ ಅಳೆಯುವ ಪ್ರಯತ್ನಗಳೇ.

ಆಡಳಿತದ ಭಾಷೆಯಲ್ಲಿ ‘ಲೈನ್’ ಶಬ್ದಕ್ಕೆ ‘ರೇಖೆ’ ಎಂಬ ಅನುವಾದ ನಿಂತುಹೋಗಿದೆ. ಬಡತನ ರೇಖೆ, ಮರಾಠಿಯಲ್ಲಿ ದಾರಿದ್ರ್ಯರೇಷಾ. ಜನರ ಬಾಯಲ್ಲಿ ಇದು ‘ಬಿಪಿಎಲ್’ ಆಗಿ, ಮೂರನೆಯ ಅಕ್ಷರದಲ್ಲಿ ಒಂದು ಗೆರೆ ಅಡಗಿದೆಯೆಂಬ ಅರಿವೂ ಉಳಿದಿಲ್ಲ. ಕಾರ್ಡು ಇದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಭಾಷಾ ಅಲ್ಪಸಂಖ್ಯಾತರಿಗೆ ಸಂಬಂಧಿಸಿದ ಗೆರೆಗಳು ಇನ್ನೂ ಸೂಕ್ಷ್ಮವಾದವು. ಫಜಲ್ ಅಲಿ ಆಯೋಗ 1955ರ ತನ್ನ ವರದಿಯಲ್ಲಿ, ಶೇಕಡಾ 70ರಷ್ಟು ಜನ ಒಂದೇ ಭಾಷೆಯವರಾಗಿದ್ದರೆ ಆ ರಾಜ್ಯವನ್ನು ಏಕಭಾಷಿಕವೆಂದೂ, ಶೇಕಡಾ 30ರಷ್ಟು ಅಥವಾ ಹೆಚ್ಚು ಜನ ಬೇರೆ ಭಾಷೆಯವರಾಗಿದ್ದರೆ ಆಡಳಿತದ ದೃಷ್ಟಿಯಿಂದ ದ್ವಿಭಾಷಿಕವೆಂದೂ ಪರಿಗಣಿಸಬೇಕೆಂದಿತು. ಅದಕ್ಕೂ ಮೊದಲು 1949ರ ಆಗಸ್ಟಿನಲ್ಲಿ ಸೇರಿದ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನವು, ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಲು ಒಬ್ಬ ಶಿಕ್ಷಕನನ್ನಾದರೂ ನೇಮಿಸಬೇಕೆಂದು ನಿರ್ಣಯಿಸಿತು. ಏಳನೆಯ ತಿದ್ದುಪಡಿಯ ಮೂಲಕ 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯ ಹಿಂದೆ ಇರುವ ಆಶಯವೂ ಇದೇ. ಗಡಿ ವಿವಾದದಲ್ಲಿ ಗ್ರಾಮವನ್ನು ಘಟಕವಾಗಿ ಹಿಡಿಯಬೇಕೆಂದು ವಾದಿಸಿದ ರಾಜ್ಯವಾಗಲಿ, ತಾಲ್ಲೂಕು ಜಿಲ್ಲೆಗಳಿಗೆ ಅಂಟಿಕೊಂಡ ರಾಜ್ಯವಾಗಲಿ, ತಮ್ಮೊಳಗೆ ಉಳಿದ ಅಲ್ಪಸಂಖ್ಯಾತರ ಶಾಲೆಯ ವಿಷಯದಲ್ಲಿ ಅದೇ ಉತ್ಸಾಹದಿಂದ ಗ್ರಾಮವನ್ನು ಎಣಿಸಿದ್ದು ಕಡಿಮೆ. ತಾಲ್ಲೂಕಿನ ಲೆಕ್ಕದಲ್ಲಿ ಕನ್ನಡಿಗರು ಸಣ್ಣ ಶೇಕಡಾವಾರು. ಒಂದು ಓಣಿಯ ಲೆಕ್ಕದಲ್ಲಿ ಬಹುಸಂಖ್ಯಾತರು. ಹಲಕರ್ಣಿಯಂಥ ಊರಿನಲ್ಲಿ ಕನ್ನಡದ ಭವಿಷ್ಯ ನಿಂತಿರುವುದು ಎರಡು ರಾಜ್ಯಗಳ ನಡುವಿನ ಗೆರೆಯ ಮೇಲಲ್ಲ. ಶಾಲೆಯ ಹಾಜರಿಪಟದಲ್ಲಿ ಒಂಬತ್ತನೆಯ ಹೆಸರಿಗೂ ಹತ್ತನೆಯ ಹೆಸರಿಗೂ ನಡುವೆ ಇರುವ ಗೆರೆಯ ಮೇಲೆ.